ಹೆಬ್ಬೆಟ್ಟಿಗೆ ಬಿಟ್ಟ ಸಾಲು

ಥೂ, ಪಕ್ಕದ ಮೇಜಿನ ಮೇಲೆ ಯಾರೋ ಅರ್ಧ ಕುಡಿದು ಬಿಟ್ಟ ಚಹಾ, ಮೇಲೆ ಕೆನೆಗಟ್ಟಿದೆ, ಒಂದು ನೊಣ ಬೇರೆ, ಶೈಲಾ ಮುಖ ತಿರುಗಿಸಿದಳು, ಪರದೆಯ ಮೇಲೆ ಮೂರು ಉದ್ಧರಣ ಚಿಹ್ನೆ, ಅದರ ಮುಂದೆ ಮಿಣುಕುವ ಗೆರೆ, ಬರಿ ಬರಿ ಅನ್ನುತ್ತದೆ, ಏನು ಬರೆಯಲಿ, ಮಣ್ಣು. ಒಂದೇ ಸಾಲಿನ ಮಾತಿಗೆ ಒಂದು ಚಿಹ್ನೆ ಸಾಕು, ನಡುವೆ ಸಾಲು ಮುರಿದರೆ ಪ್ರೋಗ್ರಾಮ್ ತಕರಾರು ತೆಗೆಯುತ್ತದೆ, ಹಲವು ಸಾಲಿನದ್ದಾದರೆ ಮೂರು ಹಾಕಿ ತೆರೆ, ಮೂರು ಹಾಕಿ ಮುಚ್ಚು, ನಡುವೆ ಎಷ್ಟು ಬೇಕಾದರೂ ಬರೆ, ಬಿಟ್ಟ ಖಾಲಿ ಸಾಲು ಕೂಡ ಬಿಟ್ಟ ಹಾಗೇ ಉಳಿಯುತ್ತದೆ, ಒಳಗಿರುವುದು ನಿಜವೋ ಸುಳ್ಳೋ ಅದಕ್ಕೇನು, ಅಂಧೇರಿಯ ಈ ಆಫೀಸಿಗೆ ತಾನೇ ಏನು. ಶೈಲಾ, ತುಮ್ ಹೀ ತೋ ಹೋ ಕನ್ನಡಾವಾಲೀ, ಛೇ ಬಜೇ ತಕ್ ಡಾಲ್ ದೋ, ಅಂದು ಅನಿಕೇತ್ ಸರ್ ಹೋದರು, ಆರರೊಳಗೆ ಹಾಕಬೇಕಂತೆ, ಗುತ್ತಿಗೆದಾರನ ಆಳುಗಳು ಹೆಬ್ಬೆಟ್ಟು ಒತ್ತುವ ಒಪ್ಪಿಗೆ ಪತ್ರ, ಹಿಂದಿಯದ್ದು ಆಗಿದೆ, ಮರಾಠಿಯದ್ದು ಆಗಿದೆ, ಕನ್ನಡ ಓದಬಲ್ಲವಳು ಇಲ್ಲಿ ಇವಳೊಬ್ಬಳೇ. ಬರೆದಳು, ಈ ಕೈಗಿಷ್ಟು ಬೆಂಕಿ ಹಾಕ, ಎಷ್ಟು ಚೆಂದ ಬರೆದಳು — ನಾನು ಸ್ವಂತ ಇಚ್ಛೆಯಿಂದ ಸಂಡಾಸಿನ ಟ್ಯಾಂಕಿಗೆ ಇಳಿಯುತ್ತಿದ್ದೇನೆ, ನನಗೆ ಮಾಸ್ಕ್, ಕೈಗವಸು ಕೊಟ್ಟಿದ್ದಾರೆ, ಏನಾದರೂ ಆದರೆ ಹೊಣೆ ನನ್ನದೇ. ಆಮೇಲೆ ಒಂದು ಖಾಲಿ ಸಾಲು, ಹೆಬ್ಬೆಟ್ಟಿಗೆ.

ಹೆಬ್ಬೆಟ್ಟು, ಹೌದು, ಅಪ್ಪನ ಹೆಬ್ಬೆರಳು, ಅಣವೀರಪ್ಪನ ಹೆಬ್ಬೆರಳು, ಉಗುರಿನ ಸುತ್ತ ಎಷ್ಟು ತಿಕ್ಕಿದರೂ ಹೋಗದ ಕರಿ ಕೊಳೆ, ಹತ್ತನೇ ಪರೀಕ್ಷೆಯ ಬೆಳಿಗ್ಗೆ ಕಾಂದಿವಲಿಯ ಚಾಳಿನ ಮನೆಯಲ್ಲಿ ಅವನೇ ಚಹಾ ತಂದ, ಕಪ್ಪಿನ ಅಂಚು ಹಿಡಿದ ಆ ಬೆರಳು ಚಹಾದಲ್ಲಿ ಅದ್ದಿತ್ತು, ಕುಡಿ ಯವ್ವಾ, ಆರಿ ಹೋಗ್ತೈತಿ, ಇವಳಿಗೆ ವಾಕರಿಕೆ, ಅವನು ಆಚೆ ಹೋದದ್ದೇ ಬಚ್ಚಲಿಗೆ ಸುರಿದಳು. ಅವನು ನೋಡಲಿಲ್ಲ, ನೋಡಿರಲಾರ, ಆದರೆ ಮರುದಿನದಿಂದ ಕಪ್ಪನ್ನು ಬಸಿತಟ್ಟೆಯ ಮೇಲಿಟ್ಟೇ ಕೊಡುತ್ತಾನೆ, ಇವತ್ತು ಬೆಳಿಗ್ಗೆಯೂ ಬಸಿ, ಅಯ್ಯೋ ನನ್ನ ಜನ್ಮವೇ. ಹೋದ ತಿಂಗಳು ಸಾಂತಾಕ್ರೂಜ್‌ನ ಹೋಟೆಲೊಂದರ ಟ್ಯಾಂಕಿಗೆ ಇಳಿದ ಅಪ್ಪನ ಜೊತೆಗಾರ ಸಾಯಬಣ್ಣ ಕಾಕಾ ಮೇಲೆ ಬರಲಿಲ್ಲ, ಕಾಕಾನ ಹೆಂಡತಿ ಕೇಸು ಹಾಕಿದಳು, ಗುತ್ತಿಗೆದಾರನ ಕೈಯಲ್ಲಿ ಕಾಗದ ಇರಲಿಲ್ಲ, ಅದಕ್ಕೇ ಈಗ ಅವನು ಈ ಆಫೀಸಿನಿಂದ ಕಾಗದ ಮಾಡಿಸುತ್ತಿದ್ದಾನೆ, ಅಪ್ಪನೂ ಅದೇ ಗುತ್ತಿಗೆದಾರನ ಆಳು, ನಾಳೆ ಬೆಳಿಗ್ಗೆ ಒಂದು ವಸತಿ ಸೊಸೈಟಿಯ ಟ್ಯಾಂಕು ಇದೆ, ಅಪ್ಪನಿಗೆ ಓದು ಬಾರದು. ಮಾಸ್ಕ್ ಕೊಡ್ತಾರೇನಪ್ಪಾ, ಕೇಳಿದ್ದಳು ಒಮ್ಮೆ. ಎಲ್ಲೀ ಮಾಸ್ಕ್ ಯವ್ವಾ, ಟವೆಲ್ ಕಟ್ಗೊಂಡು ಇಳಿಯೂದು, ಒಲ್ಲೆ ಅಂದ್ರ ನಾಳಿಂದ ಬರಬ್ಯಾಡ ಅಂತಾರ. ಹಾಗಂತ ನಕ್ಕಿದ್ದ, ನಗುವುದಕ್ಕೇನಿತ್ತು.

ಅಳಿಸಿದಳು, ಮೂರು ಚಿಹ್ನೆಯಿಂದ ಮೂರು ಚಿಹ್ನೆಯವರೆಗೆ, ಎಲ್ಲ, ಮತ್ತೆ ಬರೆದಳು, ನನಗೆ ಮಾಸ್ಕ್ ಕೊಟ್ಟಿಲ್ಲ, ಕೈಗವಸು ಕೊಟ್ಟಿಲ್ಲ, ಇಳಿಯದಿದ್ದರೆ ಕೆಲಸವಿಲ್ಲ ಅಂದರು, ಅದಕ್ಕೇ ಇಳಿಯುತ್ತಿದ್ದೇನೆ — ಹೆಬ್ಬೆಟ್ಟಿಗೆ ಖಾಲಿ ಸಾಲು ಬಿಟ್ಟು ಮುಚ್ಚಿದಳು, ಓಡಿಸಿದಳು, ಪ್ರೋಗ್ರಾಮ್ ತುಟಿ ಪಿಟಕ್ಕೆನ್ನಲಿಲ್ಲ. ಹೋ ಗಯಾ ಕ್ಯಾ, ಅನಿಕೇತ್ ಸರ್ ಬಗ್ಗಿ ನೋಡಿದರು, ವಾಹ್, ಲೈನ್ ಸಬ್ ಬರಾಬರ್ ಹೈ, ಭೇಜ್ ದೋ. ಕಳಿಸಿದಳು. ನಗಬೇಕಿತ್ತು, ಗೆದ್ದೆ ಅನ್ನಿಸಬೇಕಿತ್ತು, ಏನು ಗೆದ್ದಳು ಈ ಜಾಣೆ, ಕಾಗದದಲ್ಲಿ ಏನೇ ಇರಲಿ ನಾಳೆ ಅಪ್ಪ ಹೆಬ್ಬೆಟ್ಟು ಒತ್ತಿ ಇಳಿಯುತ್ತಾನೆ, ಇಳಿಯಬೇಡ ಅಪ್ಪಾ ಅಂತ ಒಂದು ಫೋನು ಮಾಡಲಿಲ್ಲ, ಚೆಂದದ ಸಾಲು ಬರೆದಳು, ಈ ಸಾಲುಗಳನ್ನು ಯಾರಾದರೂ ಓದುವುದು ಅವನು ಮೇಲೆ ಬಾರದ ದಿನ ಮಾತ್ರ. ಫೋನು ಎತ್ತಿಕೊಂಡಳು, ಏನನ್ನಲಿ, ಆ ದಿನದ ಚಹಾದಿಂದ ಶುರು ಮಾಡಲೇ, ಪಕ್ಕದ ಮೇಜಿನ ಚಹಾ ಇನ್ನೂ ಅಲ್ಲೇ ಇದೆ, ಪರದೆಯ ಮೇಲೆ ಖಾಲಿ ಸಾಲು, ಅದರ ಮೇಲೆ ಅಪ್ಪನ ಹೆಬ್ಬೆರಳು, ಅಂಚು ಹಿಡಿದ ಹೆಬ್ಬೆರಳು, ಚಹಾದಲ್ಲಿ ಅದ್ದಿದ ಆ ಹೆಬ್ಬೆರಳು —