ಕರಿ ಬಿಸ್ಕತ್ತಿನ ಪರೀಕ್ಷೆ

ಗರಗಸ ಮೇಜಿನ ಮೇಲೆ ತಯಾರಾಗಿತ್ತು. ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ತಂಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಕುರ್ಚಿ, ಕಪಾಟು ಮಾಡಿ ಬದುಕುವ ಅವಳು ದಿನವಿಡೀ ಗರಗಸ ಹಿಡಿಯುವವಳೇ. ಆದರೂ ಭಾವನ ಸೈಕಲ್ ಅಂಗಡಿಯ ಈ ಗರಗಸ ಮಾತ್ರ ಅವಳನ್ನೇ ನೋಡಿ ಹಲ್ಲು ಕಿರಿಯುತ್ತಿರುವಂತೆ ಕಾಣುತ್ತಿತ್ತು.

ರಿಪೇರಿ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಕಪ್ಪು ಸೈಕಲ್ಲು ಅಕ್ಕನದು. ಕಾರ್ಬನ್ ಫೈಬರಿನ ಸೈಕಲ್ಲುಗಳು ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲದ್ದು. ಈಗಿನವುಗಳ ಹಾಗೆ ಅಚ್ಚಿನಲ್ಲಿ ಇಳಿದದ್ದಲ್ಲ. ಕಾರ್ಬನ್ ಕೊಳವೆಗಳನ್ನು ಅಲ್ಯೂಮಿನಿಯಂ ಕೀಲುಗಳಿಗೆ ತೂರಿಸಿ, ಅಂಟು ಹಾಕಿ ಕೂರಿಸಿದ್ದು. ಅಕ್ಕ ಹರೆಯದಲ್ಲಿ ಅದರ ಮೇಲೆ ರೇಸು ಓಡಿದ್ದಳು. ಅಂಥ ಸೈಕಲ್ಲುಗಳ ಅಂಟು ಬಿಡುತ್ತದೆ ಎಂಬ ಸುದ್ದಿ ಕೇಳಿ ಗೋಡೆಗೆ ನೇತುಹಾಕಿದವಳು ಮತ್ತೆ ಇಳಿಸಿರಲಿಲ್ಲ. ಈಗ ತಂಗಿ ಹಠ ಹಿಡಿದಿದ್ದಳು: ನಾಳೆಯ ಬೆಟ್ಟದ ಸವಾರಿಗೆ ಅದೇ ಬೇಕು.

"ನಿಮ್ಮ ಭಾವ ಪಾಸ್ ಮಾಡಿದ್ರೆ ತಗೊಂಡು ಹೋಗು," ಎಂದಿದ್ದಳು ಅಕ್ಕ. "ಫೇಲಾದ್ರೆ ಎರಡು ತುಂಡು. ಗೋಡೆ ಮೇಲೇ ಇದ್ರೆ ಒಂದಲ್ಲ ಒಂದು ದಿನ ಕದ್ದಾದ್ರೂ ಹತ್ತೀಯ. ನಿನ್ನ ಬುದ್ಧಿ ನಂಗೊತ್ತಿಲ್ವಾ?"

ಭಾವನಿಗಂತೂ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕರಿ ಬಿಸ್ಕತ್ತು ಎಂದೇ ಅದಕ್ಕೆ ಅವನಿಟ್ಟ ಹೆಸರು. "ಉಕ್ಕಾದ್ರೆ ಬಾಗುತ್ತೆ, ಒಂದು ಮುನ್ಸೂಚನೆ ಕೊಡುತ್ತೆ. ಇದು ಹೇಳದೆ ಕೇಳದೆ ಲಟಕ್!"

"ನಿಮ್ಮನೆ ಊಟದ ಮೇಜೂ ಅಂಟಿನ ಮೇಲೇ ನಿಂತಿರೋದು ಭಾವ. ಅದರ ಮೇಲೆ ಹತ್ತಿ ಬಲ್ಬು ಹಾಕ್ತೀರಲ್ಲ?"

"ಮೇಜು ಇಳಿಜಾರಲ್ಲಿ ಓಡಲ್ಲ, ಅಂಟಮ್ಮ."

ಭಾವ ನಾಣ್ಯವೊಂದನ್ನು ಹಿಡಿದು ಕೊಳವೆಗಳನ್ನು ತಟ್ಟುತ್ತ ಬಂದ. ಗಟ್ಟಿಯಾಗಿದ್ದರೆ ಟಣ್ ಎನ್ನಬೇಕು, ಒಳಗೆ ಅಂಟು ಬಿಟ್ಟಿದ್ದರೆ ದಬ್ ಎನ್ನುತ್ತದೆ. ಮೇಲಿನ ಕೊಳವೆ, ಟಣ್. ಹ್ಯಾಂಡಲ್ ಕೆಳಗಿನದು, ಟಣ್. ಸೀಟಿನಿಂದ ಪೆಡಲಿನತ್ತ ಇಳಿಯುವ ಕೊಳವೆ ಟಣ್, ಟಣ್ ಎನ್ನುತ್ತ ಹೋಗಿ, ಕೆಳಗಿನ ಕೀಲಿನ ಹತ್ತಿರ... ದಬ್.

ಭಾವ ಇನ್ನೊಮ್ಮೆ ತಟ್ಟಿದ. ದಬ್.

"ಆಯ್ತಲ್ಲ," ಎಂದಳು ಅಕ್ಕ, ಮುಖ ಬೇರೆ ಕಡೆ ತಿರುಗಿಸಿ. "ಕೊಯ್ದುಬಿಡಿ. ನಾನು ನೋಡಲ್ಲ."

ಭಾವ ಸೈಕಲ್ಲನ್ನು ಸ್ಟ್ಯಾಂಡಿನಲ್ಲೇ ತಲೆಕೆಳಗು ಮಾಡಿ ಗರಗಸ ಎತ್ತಿಕೊಂಡ.

"ಒಂದೇ ಒಂದು ಸಲ ನಾನು ತಟ್ತೀನಿ!" ತಂಗಿ ಅಡ್ಡ ನಿಂತಳು.

"ಅದೇನು ನಿನ್ನ ಕೈಗೆ ಬೇರೆ ಉತ್ತರ ಹೇಳುತ್ತಾ? ತಟ್ಟು ತಾಯಿ, ತಟ್ಟು," ಎಂದ ಭಾವ.

ಪ್ಲೈವುಡ್ ತಟ್ಟಿ ನೋಡುವ ಅಭ್ಯಾಸದಲ್ಲಿ ಅವಳು ಬೆರಳ ಗೆಣ್ಣಿನಿಂದ ತಟ್ಟಿದಳು. ದಬ್ ಎಂದಿದ್ದ ಆ ಕೀಲೇ ಈಗ ಟಣ್ ಎಂದಿತು! ಮತ್ತೆ ತಟ್ಟಿದಳು. ಟಣ್ಣೇ. ಕೊಳವೆಯುದ್ದಕ್ಕೂ ತಟ್ಟುತ್ತ ಸೀಟಿನ ಬಳಿ ಬಂದಳು. ಅಲ್ಲಿ ದಬ್!

"ಅಂಟು ನಡ್ಕೊಂಡು ಹೋಗುತ್ತಾ ಭಾವ? ಕಾಲಿದ್ಯಾ ಅದಕ್ಕೆ?"

ಭಾವ ಗರಗಸ ಕೆಳಗಿಟ್ಟ. ಸೀಟು ಬಿಚ್ಚಿ ಕಿತ್ತ. ಕೊಳವೆಯೊಳಗೆ ತಂತಿ ತೂರಿಸಿ ಎಳೆದರೆ ಇಷ್ಟಿಷ್ಟೇ ಹೊರಬಂದದ್ದು, ಸೈಕಲ್ಲು ತಲೆಕೆಳಗಾದಾಗ ಸೀಟಿನತ್ತ ಜಾರಿದ್ದ ಒಂದು ಉಣ್ಣೆಯ ಕಾಲುಚೀಲ. ಹಿಂದೆಯೇ ಕಡಲೆಕಾಳಿನಷ್ಟು ದೊಡ್ಡ ಒಣ ಅಂಟಿನ ಉಂಡೆಯೊಂದು ಟಪ್ಪೆಂದು ನೆಲಕ್ಕೆ ಬಿತ್ತು.

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ! ಒಳಗೆ ಏನೋ ಕಿಟಿಕಿಟಿ ಅಂತ ತಲೆ ತಿನ್ನುತ್ತಿತ್ತು. ಸದ್ದು ನಿಲ್ಲಲಿ ಅಂತ ರೇಸಿನ ದಿನ ಕಾಲಲ್ಲಿದ್ದದ್ದನ್ನೇ ಬಿಚ್ಚಿ ತುರುಕಿದ್ದೆ ಕಣೇ."

"ನನ್ನನ್ನು ಕಟುಕನನ್ನಾಗಿ ಮಾಡಿದ್ದು ನಿನ್ನ ಕಾಲುಚೀಲವಾ?" ಭಾವ ಅದನ್ನು ಚಿಟಿಕೆಯಲ್ಲಿ ಹಿಡಿದು ಮೂಗು ಮುಚ್ಚಿಕೊಂಡ. ತಂಗಿ ನಗು ತಡೆಯಲಾರದೆ ನೆಲಕ್ಕೇ ಕುಸಿದು ಕೂತಳು. ಅಂಟಿನ ಉಂಡೆಯನ್ನು ಹೆಕ್ಕಿ ಬೆಳಕಿಗೆ ಹಿಡಿದಳು. ಕೀಲಿನಿಂದ ಉಕ್ಕಿ ತೊಟ್ಟಾಗಿ ಒಣಗಿದ್ದು. ಅವಳ ಕೆಲಸದಲ್ಲಾದರೆ ಅಂಟು ಹೀಗೆ ಹೊರಗೆ ಉಕ್ಕಿದರೇ ಸಮಾಧಾನ. ಒಳಗೆ ಜಿಪುಣತನ ಮಾಡಿಲ್ಲವೆಂದು ಅರ್ಥ.

ಆದರೆ ಭಾವ ಅಷ್ಟಕ್ಕೆ ಬಗ್ಗುವ ಆಸಾಮಿಯಲ್ಲ. ಸೀಟನ್ನು ಮತ್ತೆ ಕೂರಿಸಿದ. ಪ್ರತಿ ಕೀಲಿನ ಮೇಲೂ ಕೊಳವೆಗೆ ದಾಟುವಂತೆ ಬಿಳಿ ಪೆನ್ಸಿಲಿನ ಗೆರೆ ಎಳೆದ. ಅಂಟು ಜರುಗಿದರೆ ಗೆರೆ ಮುರಿಯಬೇಕು. ಸೈಕಲ್ಲನ್ನು ನೆಲಕ್ಕಿಳಿಸಿ, ಬ್ರೇಕು ಬಿಗಿಹಿಡಿದು, ಇಡೀ ದೇಹದ ಭಾರವನ್ನು ಪೆಡಲಿನ ಮೇಲೆ ಹಾಕಿ ಕುಪ್ಪಳಿಸಿದ. ಆ ಕಡೆ, ಈ ಕಡೆ. ಬೆವರು ಹರಿಯಿತು. ಮೂರೂ ತಲೆಗಳು ಗೆರೆಗಳ ಮೇಲೆ ಬಾಗಿದವು. ಒಂದೂ ಕೂದಲೆಳೆಯಷ್ಟು ಜರುಗಿರಲಿಲ್ಲ.

"ಪಾಸು," ಎಂದ ಭಾವ, ಹಲ್ಲು ಕೀಳಿಸಿಕೊಂಡವನ ಧ್ವನಿಯಲ್ಲಿ. "ಆದ್ರೆ ಪ್ರತಿ ಸವಾರಿಗೂ ಮುಂಚೆ ಗೆರೆ ನೋಡ್ಬೇಕು. ಒಂದು ಮುರಿದ್ರೂ ನನ್ನ ಹತ್ರ ವಾದ ಇಲ್ಲ."

ತಂಗಿ ಅಷ್ಟು ಕೇಳಿಸಿಕೊಳ್ಳಲೂ ನಿಲ್ಲಲಿಲ್ಲ. ಅಂಗಡಿಯ ಹಿಂದಿನ ಏರುರಸ್ತೆಯಲ್ಲಿ ಸೈಕಲ್ಲು ಹಾರಿತು. ಕಲ್ಲುಹಾಸಿನ ರಸ್ತೆ, ಅವಳ ಉಕ್ಕಿನ ಸೈಕಲ್ಲಿನಲ್ಲಿ ಹಲ್ಲು ಕಟಕಟ ಎನ್ನಿಸುವಂಥದ್ದು, ಇಲ್ಲಿ ಜಮಖಾನ ಹಾಸಿದ ಹಾಗೆ! ಎದ್ದು ನಿಂತು ಜೋರಾಗಿ ತುಳಿದಾಗ ಮಾತ್ರ ಚೌಕಟ್ಟು ಸ್ವಲ್ಪ ಪಕ್ಕಕ್ಕೆ ಬಳುಕಿ, ಚೈನು ಸರ್ ಸರ್ ಎಂದು ಉಜ್ಜಿತು. ಕೂತು ಹದವಾಗಿ ತುಳಿದಳು, ಸದ್ದು ನಿಂತಿತು. ಏರು ಮುಗಿದದ್ದೇ ಗೊತ್ತಾಗಲಿಲ್ಲ.

"ಹೊಸದರ ಹಾಗಿದ್ಯಾ?" ಹಿಂದಿರುಗಿದಾಗ ಭಾವ ಕೇಳಿದ.

"ಇಲ್ಲಪ್ಪ. ಅವಸರ ಮಾಡಿದ್ರೆ ಮುನಿಸ್ಕೊಳ್ಳುತ್ತೆ. ನಯವಾಗಿ ಕೇಳಿದ್ರೆ ಏನು ಬೇಕಾದ್ರೂ ಕೊಡುತ್ತೆ. ಎಷ್ಟು ಚೆನ್ನಾಗಿದೆ ಗೊತ್ತಾ ಭಾವ!"

"ಇಳಿ," ಎಂದಳು ಅಕ್ಕ. ಅವಳ ಕಣ್ಣು ಫಳಫಳ ಹೊಳೆಯುತ್ತಿತ್ತು.

"ಯಾಕೆ?"

"ಇಳಿಯೇ ಸುಮ್ನೆ!"

ಅಕ್ಕ ಕಾಲು ಹಾಕಿ ಹತ್ತಿದಳು. ಮೊದಲು ಒಂದಿಷ್ಟು ತೂರಾಡಿ, ಆಮೇಲೆ ಬೆನ್ನು ತಾನಾಗಿಯೇ ಬಾಗಿ, ರೇಸಿನ ಹುಡುಗಿಯಂತೆ ರಸ್ತೆಗೆ ಇಳಿದೇಬಿಟ್ಟಳು.

"ನಾಳೆ ಬೆಟ್ಟ ಹತ್ತೋದು ನಾನು, ಇಳಿಯೋದು ನೀನು! ಆಯ್ತೇನೇ ಅಕ್ಕ?" ತಂಗಿ ಹಿಂದೆಯೇ ಓಡುತ್ತ ಕೂಗಿದಳು.

"ಹತ್ತೋದೂ ನಾನೇ ಕಣೇ!" ತಿರುವಿನಾಚೆಯಿಂದ ಉತ್ತರ ಬಂತು.