ಬರೆಯಬೇಕಾಗಿದ್ದವನು

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಮೇಷ್ಟ್ರ ಅಕ್ಕನ ಮಗಳು ಕಪಾಟಿನಿಂದ ನೋಟುಪುಸ್ತಕಗಳನ್ನು ಇಳಿಸಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಪೆಟ್ಟಿಗೆಯ ಇನ್ನೊಂದು ಅಂಚನ್ನು ಮೇಷ್ಟ್ರು ಹಿಡಿದುಕೊಂಡು ನಿಂತಿದ್ದರು. ಇಬ್ಬರೂ ಬಿಡಲಿಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕನ ದೇಹವಿತ್ತು. ಶವದ ವ್ಯಾನು ಹನ್ನೆರಡಕ್ಕೆ ಬರುವುದಿತ್ತು.

"ಕೈ ತೆಗಿ ಮಾವ."

"ಇವು ನನಗೇ ಅಂತ ನಿಮ್ಮಮ್ಮ ಹೇಳಿದ್ಲು."

"ಹೇಳಿದ್ಲು. ನಾನು ಹುಟ್ಟೋಕೆ ಮುಂಚೆ."

ಅಕ್ಕ ಹೆಂಚಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಹಸಿ ಮಣ್ಣಿನ ಬಿಲ್ಲೆ ತಟ್ಟಿ, ಒಣಗಿದ ಮೇಲೊಮ್ಮೆ, ಸುಟ್ಟ ಮೇಲೊಮ್ಮೆ ಅಳೆದು, ಎಷ್ಟು ಕುಗ್ಗಿತು, ಎಲ್ಲಿ ಬಿರಿಯಿತು ಎಂದು ಗುರುತು ಹಾಕಿಕೊಳ್ಳುತ್ತಿದ್ದಳು. ಕಾರ್ಖಾನೆಯ ರಿಜಿಸ್ಟರಿಗೆ ಪಾಸು ಇಲ್ಲವೇ ಫೇಲು, ಅಷ್ಟೇ ಸಾಕಿತ್ತು. ಯಾಕೆ ಫೇಲು ಎನ್ನುವುದೆಲ್ಲ ಈ ನಲವತ್ತಮೂರು ನೋಟುಪುಸ್ತಕಗಳಲ್ಲಿತ್ತು.

ಬಾಗಿಲ ಬಳಿ ಕುಳಿತಿದ್ದ ಮುದುಕ ಅದೇ ಕಾರ್ಖಾನೆಯ ಹಳೇ ಫೋರ್‌ಮನ್. ಪೆಟ್ಟಿಗೆ ಅವನ ಜೊತೆ ಹೋಗಬೇಕೆಂದು ಹುಡುಗಿ ತೀರ್ಮಾನಿಸಿಬಿಟ್ಟಿದ್ದಳು.

"ಇವನ್ನ ಎಷ್ಟು ಸಲ ಕೇಳಿದ್ದೆ ಗೊತ್ತಾ ಮೇಷ್ಟ್ರೇ?" ಎಂದ ಅವನು. "ತಮ್ಮ ಪುಸ್ತಕ ಬರೀತಾನೆ, ಅಚ್ಚಾದ ಮೇಲೆ ಮೊದಲನೇ ಪ್ರತಿ ನಿಮಗೇ ಅನ್ನೋರು ನಿಮ್ಮಕ್ಕ. ನಾನು ರಿಟೈರಾದೆ, ನನ್ನ ಮೊಣಕಾಲೂ ರಿಟೈರಾಯ್ತು. ಹೋದ ತಿಂಗಳು ಬಂದಾಗಲೂ ಅದನ್ನೇ ಅಂದ್ರು. ಅಲ್ಲಿ ಹೆಂಚು ಇವತ್ತೂ ಬಿರೀತಾನೇ ಇದೆ."

ಹೋದ ತಿಂಗಳು ಎಂಬ ಮಾತು ಮೇಷ್ಟ್ರಿಗೆ ಎಲ್ಲೋ ಚುಚ್ಚಿತು. ಅಕ್ಕ ಅವರ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು.

* * *

ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಅಕ್ಕ ಮೊದಲ ಹನ್ನೆರಡು ನೋಟುಪುಸ್ತಕಗಳನ್ನು ತಂದು ಅವರ ಮುಂದಿಟ್ಟಿದ್ದಳು. ಆಗಷ್ಟೇ ಅವರಿಗೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತ್ತು.

"ನನಗೆ ಅಳೆಯೋದು ಗೊತ್ತು ಕಣೋ, ಹೇಳೋದು ಗೊತ್ತಿಲ್ಲ. ನೀನು ಬರಿ. ನಿನ್ನ ಹೆಸರೇ ಮೊದಲು ಇರ್ಲಿ."

ಮೇಷ್ಟ್ರು ಹೊಸ ಮೇಜು ಕೊಂಡರು. ಮೂರು ದಿನ ಕೂತರೂ ಒಂದಕ್ಷರ ಮೂಡಲಿಲ್ಲ. ವಿಜ್ಞಾನ ಓದಿದವರಾದ್ದರಿಂದ ಕಾರಣ ಹುಡುಕಲು ಹೊರಟರು. ಒಂದು ಪಟ್ಟಿ ಗೀಚಿದರು: ಕೋಣೆಯ ಉಷ್ಣತೆ, ಬೆಳಕು, ರಾತ್ರಿಯ ನಿದ್ದೆ, ಕುಡಿದ ಚಹಾ, ಬೀದಿಯ ಸದ್ದು. ಕೊನೆಯ ಕಾಲಮ್ಮು ಬರೆದ ಪುಟಗಳದ್ದು. ಪಟ್ಟಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಸದ್ದನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಗೋಡೆಗೊಂದು ಥರ್ಮಾಮೀಟರ್ ಬಂತು, ಎಂಟನೇ ವರ್ಷಕ್ಕೆ ಗ್ರಾಫುಗಳು ಬಂದವು. ಅಕ್ಕನ ನೋಟುಪುಸ್ತಕಗಳು ಕೆಳಗೆ, ಅವರ ಪಟ್ಟಿಗಳು ಮೇಲೆ.

ಇಪ್ಪತ್ತಮೂರನೇ ವರ್ಷ ಅಕ್ಕ ಬಂದು ಎಲ್ಲಿಗೆ ಬಂತು ಎಂದು ಕೇಳಿದಳು. ಮೇಷ್ಟ್ರು ಹೆಮ್ಮೆಯಿಂದಲೇ ಪಟ್ಟಿ ತೋರಿಸಿದರು. ಇನ್ನೊಂದು ವರ್ಷದ ಅಂಕಿ ಕೈಗೆ ಬಂದರೆ ಯಾವ ವಾತಾವರಣದಲ್ಲಿ ಕೂತರೆ ಮನಸ್ಸು ನಿಲ್ಲುತ್ತದೆಂದು ಖಚಿತವಾಗಿ ತಿಳಿದುಬಿಡುತ್ತದೆ ಎಂದರು. ಅಕ್ಕ ಕೊನೆಯ ಕಾಲಮ್ಮಿನ ಸೊನ್ನೆಗಳ ಮೇಲೆ ಬೆರಳಿಟ್ಟು ಪುಟದ ಬುಡದವರೆಗೂ ಎಳೆದಳು.

"ನಿನಗಿಂತ ನನ್ನ ಮಣ್ಣೇ ವಾಸಿ. ಕುಗ್ಗಿದ್ರೂ ಏನೋ ಒಂದು ಆಗುತ್ತೆ."

ಆ ಸಂಜೆಯೇ ತನ್ನ ನೋಟುಪುಸ್ತಕಗಳನ್ನೆಲ್ಲ ಆಟೋದಲ್ಲಿ ಹೇರಿಕೊಂಡು ಹೋದಳು.

* * *

"ವ್ಯಾನು ಬರೋಕೆ ಇನ್ನೂ ಹೊತ್ತಿದೆ," ಎಂದಳು ಹುಡುಗಿ. ಅಮ್ಮನ ಮೇಜಿನ ಮೇಲಿದ್ದುದನ್ನೆಲ್ಲ ಒಂದು ಪಕ್ಕಕ್ಕೆ ತಳ್ಳಿ ಬಿಳಿ ಹಾಳೆ ಹಾಕಿದಳು. "ಕೂತ್ಕೋ. ಒಂದೇ ಒಂದು ಪುಟ ಬರಿ. ಬರೆದ್ರೆ ಪೆಟ್ಟಿಗೆ ನಿಂದು. ಇಲ್ಲಾಂದ್ರೆ ಇವರು ತಗೊಂಡು ಹೋಗ್ತಾರೆ."

ಮೇಷ್ಟ್ರು ಕೂತರು. ಕಿಟಕಿ ತೆರೆದರು, ಮುಚ್ಚಿದರು. ಮೇಜು ಅಲ್ಲಾಡುತ್ತಿದೆ ಎನಿಸಿ ಕಾಲಿನ ಕೆಳಗೆ ಕಾಗದ ಮಡಚಿ ಇಟ್ಟರು. ಪಕ್ಕದ ಕೋಣೆಯಲ್ಲಿ ಯಾರೋ ಬಿಕ್ಕುತ್ತಿದ್ದರು. ಎರಡನೇ ದರ್ಜೆಯ ಸದ್ದು, ಎಂದುಕೊಂಡರು. ಹಾಗೆ ಅಂದುಕೊಂಡದ್ದಕ್ಕೆ ಅವರಿಗೇ ಹೇಸಿಗೆಯಾಯಿತು.

ಪಕ್ಕದ ಮನೆಯಾಕೆ ಇಣುಕಿದಳು. "ಅಕ್ಕ ಅಲ್ಲಿ ಮಲಗಿರುವಾಗ ಇವರೇನು ಪರೀಕ್ಷೆ ಬರೀತಿದಾರಾ?"

"ಹೌದು ಆಂಟಿ. ಪ್ರತಿ ವರ್ಷ ಫೀಸು ಕಟ್ತಾರೆ, ಪರೀಕ್ಷೆಗೆ ಮಾತ್ರ ಕೂರಲ್ಲ."

ಫೋರ್‌ಮನ್ ನಗು ತಡೆಯಲು ಕೆಮ್ಮಿದ. ಮೇಷ್ಟ್ರು 'ಭೂಮಿಯ ಮೇಲ್ಪದರದಲ್ಲಿ' ಎಂದು ಶುರು ಮಾಡಿ ಹೊಡೆದುಹಾಕಿದರು. 'ಪ್ರಾಚೀನ ಕಾಲದಿಂದಲೂ' ಎಂದು ಬರೆದು ಅದನ್ನೂ ಹೊಡೆದುಹಾಕಿದರು. ಹನ್ನೊಂದೂವರೆಯಾಯಿತು. ಕೈಗೆ ಸಿಕ್ಕಿದ ಒಂದು ನೋಟುಪುಸ್ತಕವನ್ನು ಬಿಡಿಸಿದರು. ಅಕ್ಕನ ದುಂಡಕ್ಷರ: 'ಬಿಲ್ಲೆ ೬. ಒಣಗುವಾಗ ಬಿರಿಯಿತು. ಮಣ್ಣು ಸರಿಯಾಗಿದೆ. ಬಿಸಿಲಿಗೆ ಬೇಗ ಇಟ್ಟವಳು ನಾನು.'

ಅವರು ಆ ಪುಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎಲ್ಲೂ ನಿಲ್ಲಿಸದೆ ಒಂದು ಸಾಲು ಬರೆದರು. ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

ಹುಡುಗಿ ಹಾಳೆ ಎಳೆದುಕೊಂಡು ಓದಿದಳು. 'ಅಳೆದವಳು ನನ್ನ ಅಕ್ಕ. ಬರೆಯಬೇಕಾಗಿದ್ದವನು ನಾನು, ಬರೆಯಲಿಲ್ಲ.'

"ಒಂದು ಪುಟ ಅಂದಿದ್ದೆ."

"ಗೊತ್ತು," ಎಂದು ಮೇಷ್ಟ್ರು ಎದ್ದು, ಪೆಟ್ಟಿಗೆಯನ್ನು ತಾವೇ ಫೋರ್‌ಮನ್ ಕಡೆಗೆ ನೂಕಿದರು.

ವ್ಯಾನಿನವರು ಒಳಗೆ ಬಂದರು. ಹುಡುಗಿ ಅವರಿಗೆ ಒಂದು ನಿಮಿಷ ತಡೆಯಲು ಹೇಳಿದಳು. ಸಾಲಿನ ಮೇಲೊಮ್ಮೆ, ಕೆಳಗೊಮ್ಮೆ ಸ್ಕೇಲು ಒತ್ತಿ ಹಿಡಿದು, ಹೊಡೆದುಹಾಕಿದ್ದನ್ನೂ ಖಾಲಿ ಜಾಗವನ್ನೂ ಹರಿದು ತೆಗೆದು, ಉಳಿದ ಕಾಗದದ ಪಟ್ಟಿಯನ್ನು ಮೊದಲನೇ ನೋಟುಪುಸ್ತಕದ ರಟ್ಟಿನ ಒಳಗೆ ಅಂಟಿಸಿದಳು. ಮೇಷ್ಟ್ರ ಕಣ್ಣು ಸ್ಕೇಲಿನ ಮೇಲೆಯೇ ಇತ್ತು.

ಸಾಲಿನ ಉದ್ದ ಹದಿನಾಲ್ಕು ಸೆಂಟಿಮೀಟರ್, ಆರು ಮಿಲಿಮೀಟರ್.