ಸ್ಟಾಪುಗಳಿರುವ ಮನೆ

ಮೈಸೂರಿನ ಗಾಳಿಗೆ ದಾರಿ ತೋರಿಸಿದವನು ನಾನು. ನಾನು ಬರುವುದಕ್ಕೆ ಮುಂಚೆ ಅದು ಚಾಮುಂಡಿಬೆಟ್ಟಕ್ಕೆ ಡಿಕ್ಕಿ ಹೊಡೆದು ಸುಮ್ಮನೆ ವಾಪಸು ಹೋಗುತ್ತಿತ್ತು. ಈಗ ನಾನು ಕಟ್ಟಿಸಿದ ಮನೆಗಳೊಳಗೆ ಬಂದು, ಕೂತು, ಯೋಗಕ್ಷೇಮ ವಿಚಾರಿಸದೆ ಹೊರಡುವುದಿಲ್ಲ. ಗೋಕುಲಂನಲ್ಲಿ ನಾನು ಮಾಡಿಕೊಟ್ಟ ಯೋಗಶಾಲೆಯೊಂದರಲ್ಲಿ ಉಸಿರು ಒಳಗೆಳೆದುಕೊಂಡ ವಿದೇಶಿಯರು ಬಿಡಲು ಮನಸ್ಸಾಗದೆ ಇನ್ನೂ ಹಾಗೇ ಕೂತಿದ್ದಾರೆ. ಅರಮನೆ ಕಟ್ಟುವ ಕಾಲಕ್ಕೆ ನಾನಿದ್ದಿದ್ದರೆ ಅದಕ್ಕೆ ಅಷ್ಟೊಂದು ಬಲ್ಬುಗಳೇ ಬೇಕಾಗುತ್ತಿರಲಿಲ್ಲ. ಹೆಸರು ವಾಗೀಶ, ಆರ್ಕಿಟೆಕ್ಟ್. ಜನ ಇಂಜಿನಿಯರ್ ಅನ್ನುತ್ತಾರೆ. ಕ್ಷಮಿಸುವಷ್ಟು ದೊಡ್ಡತನ ನನಗಿದೆ.

ಪುಟ್ಟಸ್ವಾಮಿಯವರು ಮಗಳು ವರ್ಷಿಣಿಯ ಕೈ ಹಿಡಿದು ನನ್ನ ಆಫೀಸಿಗೆ ಬಂದದ್ದು ಹೋದ ವರ್ಷ. ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಗ್ಲಾಕೋಮಾ ಎರಡೂ ಕಣ್ಣನ್ನು ತೆಗೆದುಕೊಂಡು ಹೋಗಿತ್ತು. ವಿಜಯನಗರದ ಸೈಟಿನಲ್ಲಿ ಮನೆ ಕಟ್ಟಿಸಬೇಕಿತ್ತು. ಕುರ್ಚಿ ತಡವಿ ಕೂತು, ಮೊದಲು ಮಗಳ ಕೈ ಬಿಡಿಸಿಕೊಂಡರು.

“ನೋಡಿ ಇಂಜಿನಿಯರ್ರೇ, ಆಗೆಲ್ಲ ಕಣ್ಣು ಮುಚ್ಕಂಡ್ರೂ ಬಸ್ಸು ಎಲ್ಲೈತೆ ಅಂತ ಹೇಳ್ಬುಡ್ತಿದ್ದೆ. ಹೂವಿನ ವಾಸ್ನೆ ಬಂದ್ರೆ ಮಾರ್ಕೆಟ್ಟು. ಕಬ್ಣದ ವಾಸ್ನೆ ಬಂದ್ರೆ ಮೇಟಗಳ್ಳಿ. ತಣ್ಣಗೆ ಗಾಳಿ ಹೊಡುದ್ರೆ ಕುಕ್ಕರಳ್ಳಿ ಕೆರೆ. ಮನೇನೂ ಅಂಗೇ ಮಾಡ್ಕೊಡಿ. ಒಂದೊಂದು ರೂಮೂ ಒಂದೊಂದು ಸ್ಟಾಪು.”

“ಕಣ್ಣು ಮುಚ್ಕೊಂಡು ಓಡಿಸ್ತಿದ್ರಾ?” ಎಂದೆ.

“ಪ್ಯಾಸೆಂಜರ್‌ಗಳೂ ಅದನ್ನೇ ಕೇಳೋರು.”

ವರ್ಷಿಣಿ ನಗಲಿಲ್ಲ. “ಹೋದ್ ವಾರ ಬಚ್ಚಲಮನೆ ಅಂತ ಬೀದಿಗೆ ಹೋಗಿದ್ರು ಸಾರ್. ನಾನು ಕೆಲ್ಸಕ್ಕೆ ಹೋಗ್ಬೇಕು, ಅಮ್ಮಂಗೆ ಮೊಣಕಾಲು ನೋವು. ನೋಡ್ಕೊಳೋಕೆ ಒಬ್ರನ್ನ ಗೊತ್ತು ಮಾಡ್ತಿದೀನಿ.”

“ಅವನು ರಟ್ಟೆ ಹಿಡ್ಕಂಡು ಕಕ್ಕಸ್ಸಿಗೂ ಕರ್ಕೊಂಡೋಗ್ತಾನಂತೆ. ನಾನೇನು ಕೆಟ್ಟು ನಿಂತಿರೋ ಬಸ್ಸಾ, ಹಗ್ಗ ಕಟ್ಟಿ ಎಳೆಯಕ್ಕೆ?”

ಅಪ್ಪ ಮಗಳ ನಡುವೆ ನನ್ನ ಮೇಜಿನ ಮುಂದೆಯೇ ಒಪ್ಪಂದವಾಯಿತು. ಗೃಹಪ್ರವೇಶದ ದಿನ ಮುಂಬಾಗಿಲಿನಿಂದ ಹಿತ್ತಲ ನಲ್ಲಿಯವರೆಗೆ, ಯಾರ ಕೈಯನ್ನೂ ಹಿಡಿಯದೆ, ಗೋಡೆ ತಡವದೆ ನಡೆದುಬಿಟ್ಟರೆ ಆಳು ಬೇಡ. ತಪ್ಪಿದರೆ ಮಾರನೇ ದಿನವೇ ಅವನು ಬರುತ್ತಾನೆ, ಪುಟ್ಟಸ್ವಾಮಿಯವರು ಉಸಿರೆತ್ತಕೂಡದು.

ನಾನು ಕೈ ಹಾಕಿದೆ. ನಾನು ಕೈ ಹಾಕಿದರೆ ಕಲ್ಲೂ ಬಾಯಿ ಬಿಡುತ್ತದೆ. ಜಗಲಿಗೆ ಒರಟು ಚಪ್ಪಡಿ, ಹಜಾರಕ್ಕೆ ನುಣ್ಣನೆ ಕೆಂಪು ನೆಲ, ನಡುವಿನ ತೊಟ್ಟಿಯ ಸುತ್ತ ಅಂಗಾಲಿಗೆ ಸಿಕ್ಕುವ ಗುಂಡುಕಲ್ಲು. ತೊಟ್ಟಿಯಲ್ಲೊಂದು ಕಲ್ಲುಬಾನಿ, ಅದಕ್ಕೆ ತೊಟ್ಟಿಕ್ಕುವ ನೀರು. ಆ ಸದ್ದು ಎಷ್ಟು ಇಂಪಾಗಿತ್ತೆಂದರೆ ಪಕ್ಕದ ಬೀದಿಯ ನಲ್ಲಿಗಳು ನಾಚಿ ನಿಂತುಹೋದವು. ಬಾಗಿಲ ಬಳಿ ಮಲ್ಲಿಗೆ, ಅಡಿಗೆಮನೆ ತಿರುವಿನಲ್ಲಿ ದೊಡ್ಡಪತ್ರೆ, ಬಚ್ಚಲ ಪಕ್ಕ ಲಾವಂಚ. ಮೂಗಿರುವವನು ದಾರಿ ತಪ್ಪುವುದು ಅಸಾಧ್ಯ.

ಇಷ್ಟರ ಜೊತೆ ಮುಂಬಾಗಿಲಿನಿಂದ ಹಿತ್ತಲವರೆಗೂ ಛಾವಣಿಯಲ್ಲಿ ಸಾಲಾಗಿ ಗಾಜಿನ ಬೆಳಕಿಂಡಿಗಳನ್ನೂ ಇಡಿಸಿದ್ದೆ. ಫೋಟೋದಲ್ಲಿ ಚೆನ್ನಾಗಿ ಬರುತ್ತದೆಂದು. ಪುಟ್ಟಸ್ವಾಮಿಯವರ ಹೆಂಡತಿ ಶಿವನಂಜಮ್ಮ ಅವುಗಳನ್ನು ನೋಡಿ ನಿಂತರು.

“ಅಲ್ಲ ಕಣ್ರೀ, ಇವ್ರಿಗೆ ಕಣ್ಣೇ ಕಾಣಲ್ಲ. ಇಷ್ಟೊಂದು ಬೆಳಕು ಯಾರ ಉಪಯೋಗಕ್ಕೆ?”

“ಬೆಳಕು ಬರೀ ಕಣ್ಣಿಗಲ್ಲಮ್ಮ,” ಎಂದೆ. ಹಾಗೆಂದರೇನು ಎಂದು ಅವರು ಕೇಳಲಿಲ್ಲ. ಕೇಳದಿದ್ದುದು ಒಳ್ಳೆಯದೇ ಆಯಿತು.

ಖಾಲಿ ಮನೆಯಲ್ಲಿ ಪುಟ್ಟಸ್ವಾಮಿಯವರು ದಿನಾ ಬಂದು ಓಡಾಡಿ ಅಭ್ಯಾಸ ಮಾಡಿಕೊಂಡರು. ತಿರುವು ಬಂದಾಗ ಬಾಯಲ್ಲೇ ಹಾರನ್ ಹೊಡೆಯುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. ನಾನು ಆಗಲೇ ಪ್ರಶಸ್ತಿ ಸ್ವೀಕರಿಸುವ ದಿನಕ್ಕೆ ಕೋಟು ಹೊಲಿಯಲು ಕೊಟ್ಟಿದ್ದೆ.

ಗೃಹಪ್ರವೇಶ ವೈಶಾಖದಲ್ಲಿ. ಗೃಹಪ್ರವೇಶ ಅಂದರೆ ನಮ್ಮ ಕಡೆ ಮನೆಯೊಂದನ್ನು ಬಿಟ್ಟು ಉಳಿದೆಲ್ಲವೂ ಕಾಣುವ ದಿನ. ಅದು ನನ್ನಂಥವನಿಗೂ ಹೊಳೆದಿರಲಿಲ್ಲ. ನಾನು ಹೋಗುವಷ್ಟರಲ್ಲಿ ಒರಟು ಚಪ್ಪಡಿಯಿಂದ ಗುಂಡುಕಲ್ಲಿನವರೆಗೆ ಬಾಡಿಗೆ ಜಮಖಾನ ಹಾಸಿಬಿಟ್ಟಿದ್ದರು. ಹೋಮದ ಹೊಗೆ ಲಾವಂಚವನ್ನೂ ದೊಡ್ಡಪತ್ರೆಯನ್ನೂ ನುಂಗಿತ್ತು. ತೊಟ್ಟಿಯಲ್ಲಿ ವಾಲಗದವರು ಕೂತಿದ್ದರು. ಅವರ ಡೋಲಿನ ಮುಂದೆ ನನ್ನ ಕಲ್ಲುಬಾನಿ ಮೂಕಿಯಾಗಿತ್ತು. ಸಾಲದ್ದಕ್ಕೆ ಶಿವನಂಜಮ್ಮನವರ ತಮ್ಮನೊಬ್ಬ ಭಾವನ ತಲೆಗೆ ಒಂದು ಮೈಸೂರು ಪೇಟ ತೊಡಿಸಿದ್ದ. ಹತ್ತು ಸಾವಿರ ನೆಂಟರಿದ್ದರು. ಶಿವನಂಜಮ್ಮನವರ ಲೆಕ್ಕದಲ್ಲಿ ಇನ್ನೂರು.

ಪೂಜೆ ಮುಗಿದು ನೆತ್ತಿಯ ಮೇಲೆ ಸೂರ್ಯ ಬಂದ ಹೊತ್ತಿಗೆ ವರ್ಷಿಣಿ ಅಪ್ಪನ ಹತ್ತಿರ ಬಂದಳು. “ಅಪ್ಪಾಜಿ, ಇವತ್ತು ಬೇಡ. ಗಲಾಟೆ ಜಾಸ್ತಿ ಇದೆ. ಆಳು ಬಂದ್ರೆ ಏನೀಗ?”

“ರೈಟ್ ಹೇಳು,” ಎಂದರು ಪುಟ್ಟಸ್ವಾಮಿ.

ನೆಂಟರು ಎರಡೂ ಕಡೆ ಸರಿದು ನಿಂತರು. ಪುಟ್ಟಸ್ವಾಮಿಯವರು ಹೊಸಿಲು ದಾಟಿದರು. ಒಂದೆರಡು ಹೆಜ್ಜೆಗೇ ಅಡಿಗೆಮನೆಯ ಬದಲು ಮಲಗುವ ಕೋಣೆಯತ್ತ ವಾಲಿದರು. ನಿಂತರು. ಕಾಲಿನಿಂದ ಜಮಖಾನವನ್ನು ಉಜ್ಜಿದರು. ಅದು ಎಲ್ಲ ಕಡೆಯೂ ಒಂದೇ. ಕಿವಿ ಓರೆ ಮಾಡಿದರು, ಡೋಲು. ಯಾರೋ “ಎಡಕ್ಕೆ, ಎಡಕ್ಕೆ” ಎಂದರು. ವರ್ಷಿಣಿ ಅವರ ಬಾಯಿ ಮುಚ್ಚಿಸಿದಳು, ಆಮೇಲೆ ತಾನೇ ಕೈ ಮುಂದೆ ಚಾಚಿದಳು. ಅವಳ ಬೆರಳು ಇನ್ನೇನು ಅಪ್ಪನ ರಟ್ಟೆಗೆ ತಗುಲಬೇಕು, ಅಷ್ಟರಲ್ಲಿ ಪುಟ್ಟಸ್ವಾಮಿಯವರು ಪೇಟ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು.

“ಭಾವ, ಶಾಸ್ತ್ರ ಮುಗಿಯೋಗಂಟ ತೆಗೀಬಾರ್ದು,” ಎಂದ ಬಾಮೈದ.

“ಸುಮ್ಕಿರೋ. ಗಾಡಿ ಮುಂದೆ ಪರದೆ ಕಟ್ಬುಟ್ಟಿದ್ದೆ ನೀನು.”

ಅವರ ತಲೆ ಪೂರ್ತಿ ಬೋಳು. ಅಂಥ ನುಣುಪು ನನ್ನ ಕೆಂಪು ನೆಲಕ್ಕೂ ಬಂದಿಲ್ಲ. ಕತ್ತನ್ನು ನಿಧಾನವಾಗಿ ಆಚೀಚೆ ಆಡಿಸಿದರು, ಪಕ್ಕಕ್ಕೆ ಸರಿದರು, ನೆತ್ತಿಯ ಮೇಲೆ ಒಂದು ಬೆಳಕಿಂಡಿಯ ಬಿಸಿಲು ಬಿತ್ತು. ಮುಂದಿಟ್ಟ ಹೆಜ್ಜೆಗೆ ನೆರಳು, ಮತ್ತೆ ಬಿಸಿಲು. ಬಿಸಿಲಿನಿಂದ ಬಿಸಿಲಿಗೆ ಕಾಲಿಡುತ್ತ, ತೊಟ್ಟಿಯ ಅಂಚು ಸುತ್ತಿ, ವಾಲಗದವನಿಗೆ ಒಂದು ಹಾರನ್ ಕೊಟ್ಟು, ಹಿತ್ತಲಿಗೆ ಇಳಿದು ನಲ್ಲಿ ತಿರುಗಿಸಿದರು. ನೀರು ಬಂತು.

“ಲಾಸ್ಟ್ ಸ್ಟಾಪ್,” ಎಂದರು. “ಇಳೀರಿ ಎಲ್ಲಾ.”

ನಾನು ಓಡಿಹೋಗಿ ಕೈ ಕುಲುಕಿದೆ. “ಬೆಳಕಿಂಡಿ ಇದಕ್ಕೇ ಇಟ್ಟಿದ್ದು ನಾನು. ಆದ್ರೆ ಆ ಹೊಗೇಲಿ ದೊಡ್ಡಪತ್ರೆ ವಾಸನೆ ಹೇಗೆ ಹಿಡಿದ್ರಿ?”

“ಎಲ್ಲಿ ವಾಸ್ನೆ ಬಂತು. ಕರೋನಾ ಬಂದೋದ್ಮೇಲೆ ನನ್ನ ಮೂಗು ಸತ್ತೋಗೈತೆ ಇಂಜಿನಿಯರ್ರೇ. ಕಾಲು, ಕಿವಿ, ತಲೆ, ಇಷ್ಟೇ ಇರೋದು.”

“ಮತ್ತೆ ಅಷ್ಟೊಂದು ಗಿಡ ಹಾಕ್ಸಿದ್ದು?”

ಅವರು ದನಿ ತಗ್ಗಿಸಿದರು. “ಇವ್ಳಿಗೆ ಮಲ್ಲಿಗೆ ಅಂದ್ರೆ ಆಸೆ. ಸೈಟಲ್ಲಿ ಜಾಗ ದಂಡ ಅಂತ ಮಗಳು ಬ್ಯಾಡ ಅಂದಿದ್ಲು. ನಂಗೆ ದಾರಿ ತೋರ್ಸಕ್ಕೆ ಅಂದ್ರೆ ಯಾರು ಬ್ಯಾಡ ಅಂತಾರೆ?”

ವರ್ಷಿಣಿ ಹಿತ್ತಲ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ, ನಾಳೆ ಬರುವುದು ಬೇಡ ಎಂದು ಯಾರಿಗೋ ಹೇಳುತ್ತಿದ್ದಳು. ಮುಗಿಸಿ ಕೇಳಿದಳು, “ಮೋಡ ಇದ್ರೆ ಏನ್ಮಾಡ್ತೀರ ಅಪ್ಪಾಜಿ?”

“ಅವತ್ತು ಜಮಖಾನ ಇರಲ್ವಲ್ಲ,” ಎಂದು ಪುಟ್ಟಸ್ವಾಮಿಯವರು ಪೇಟವನ್ನು ನಲ್ಲಿಯ ಮೇಲೆ ಮಗುಚಿಟ್ಟು, ಊಟಕ್ಕೆ ಎಲೆ ಹಾಕಿದ ಕಡೆಗೆ ಒಬ್ಬರೇ ಹೊರಟರು. ಯಾರೂ ಜೊತೆಗೆ ಹೋಗಲಿಲ್ಲ.

ಶಿವನಂಜಮ್ಮ ಮಲ್ಲಿಗೆ ಮೊಗ್ಗು ಬಿಡಿಸುತ್ತ ನನ್ನ ದಟ್ಟ ಕೂದಲನ್ನೇ ನೋಡಿದರು. “ಊಟ ಮಾಡ್ಕೊಂಡೇ ಹೋಗಿ. ದಾರಿ ಗೊತ್ತಾಯ್ತದಾ ನಿಮ್ಗೆ?”